ನೆಂಟರು ಬರುವ ಮುನ್ನ

ತುಮಕೂರಿನ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ಜೀವನ ಸಾಗಿಸುವವನು ನಾನು. ಮಧ್ಯಾಹ್ನದ ಊಟವಾದ ಮೇಲಿನ ಮೊದಲನೆಯ ಪೀರಿಯಡ್ಡು ಎಂಥದೆಂಬುದನ್ನು ಈ ವೃತ್ತಿಯಲ್ಲಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಳಗನ್ನಡ ಕಾವ್ಯದ ಯುದ್ಧವರ್ಣನೆಯೇ ಆಗಿರಲಿ, ಮುಂದಿನ ಸಾಲಿನವರು ಕಣ್ಣು ತೆರೆದುಕೊಂಡೂ ಹಿಂದಿನ ಸಾಲಿನವರು ಕಣ್ಣು ಮುಚ್ಚಿಕೊಂಡೂ ನಿದ್ರಿಸುತ್ತಾರೆ. ಅಂಥ ಒಂದು ತರಗತಿಯಲ್ಲಿ, ಕನ್ನಡ ಮಾತು ಎಲ್ಲೆಲ್ಲಿ ಹಬ್ಬಿದೆ ಎಂಬ ಪ್ರಸಂಗ ಬಂದಾಗ, ನಿದ್ರೆಯನ್ನೋಡಿಸುವ ಉಪಾಯವೆಂದು ನಾನೊಂದು ಪ್ರಶ್ನೆ ಹಾಕಿದೆ: "ಕನ್ನಡದ ಮಾತು ಇಂದು ಎಲ್ಲಕ್ಕಿಂತ ದೂರದಲ್ಲಿರುವುದು ಎಲ್ಲಿ?"

ಒಬ್ಬ ಕಾಸರಗೋಡು ಎಂದ. ಒಬ್ಬಳು ಮುಂಬಯಿ ಎಂದಳು. ಅಣ್ಣ ಅಮೆರಿಕದಲ್ಲಿರುವ ಹುಡುಗನೊಬ್ಬ ಕ್ಯಾಲಿಫೋರ್ನಿಯ ಎಂದು ಹೇಳಿ, ಆ ಮಾತು ಯಾರು ಯಾರ ಕಿವಿಗೆ ಬಿತ್ತೆಂದು ಸುತ್ತ ನೋಡಿದ. ನಾನು ಎಲ್ಲಕ್ಕೂ ತಲೆಯಲ್ಲಾಡಿಸಿ, "ಇಲ್ಲಿಂದ 2,500 ಕೋಟಿ ಕಿಲೋಮೀಟರಿಗೂ ಆಚೆ" ಎಂದೆ. ತರಗತಿ ಎಚ್ಚರವಾಯಿತು.

ನಾನು ಹೇಳಿದುದು ಹುಡುಗಾಟದ ಮಾತಲ್ಲ. 1977ರ ಆಗಸ್ಟ್ 20ರಂದು ಒಂದು, ಸೆಪ್ಟೆಂಬರ್ 5ರಂದು ಇನ್ನೊಂದು, ಹೀಗೆ ಎರಡು ನೌಕೆಗಳನ್ನು ಅಮೆರಿಕದ ನಾಸಾ ಸಂಸ್ಥೆಯವರು ಆಕಾಶಕ್ಕೆ ಕಳುಹಿದರು. ವಾಯೇಜರ್ ಎಂದು ಅವುಗಳ ಹೆಸರು. ಗುರು ಶನಿ ಮುಂತಾದ ದೂರದ ಗ್ರಹಗಳನ್ನು ನೋಡಿ ಬರುವುದಕ್ಕಲ್ಲ, ನೋಡಿಕೊಂಡು ಹಾಗೆಯೇ ಹೋಗಿಬಿಡುವುದಕ್ಕೆ ಹೊರಟವು ಅವು. ಮರಳಿ ಬರುವ ಮಾತೇ ಇಲ್ಲ. ಎಂದಾದರೊಂದು ದಿನ ಯಾವ ಲೋಕದವರಾದರೂ ಅವನ್ನು ಹಿಡಿದು ನಿಲ್ಲಿಸಿ, 'ನೀವು ಯಾರ ಮನೆಯ ಕಡೆಯವರು?' ಎಂದು ಕೇಳಿದರೆ ಉತ್ತರಕ್ಕಿರಲೆಂದು, ಒಂದೊಂದು ನೌಕೆಯಲ್ಲಿಯೂ ಒಂದೊಂದು ಗ್ರಾಮಫೋನ್ ಪ್ಲೇಟನ್ನು ಇಟ್ಟರು. ಹನ್ನೆರಡು ಅಂಗುಲ ಅಗಲದ ತಾಮ್ರದ ತಟ್ಟೆ, ಮೇಲೆ ಚಿನ್ನದ ಲೇಪ. ಕಾರ್ಲ್ ಸೇಗನ್ ಎಂಬ ಖಗೋಳಶಾಸ್ತ್ರಜ್ಞರೂ ಅವರ ಗೆಳೆಯರೂ ಸೇರಿ ಅದರಲ್ಲಿ ಏನೇನಿರಬೇಕೆಂದು ಗೊತ್ತುಮಾಡಿದರು. ಮಳೆ, ಗುಡುಗು, ಕಪ್ಪೆ, ನಾಯಿ, ರೈಲು, ಅಳುವ ಮಗು ಇವುಗಳ ಸದ್ದು; ತೊಂಬತ್ತು ನಿಮಿಷಗಳ ಸಂಗೀತ; ನೂರಕ್ಕೂ ಮೀರಿ ಚಿತ್ರಗಳು. ಸಂಗೀತದಲ್ಲಿ ನಮ್ಮ ದೇಶದ ಪಾಲಿಗೆ ಬಂದುದು ಕೇಸರಬಾಯಿ ಕೇರ್ಕರ್ ಅವರು ಹಾಡಿದ ಭೈರವಿ. ಆ ತಾಯಿ ಎರಡನೆಯ ನೌಕೆ ಹೊರಟ ಹನ್ನೊಂದನೆಯ ದಿನವೇ ತೀರಿಕೊಂಡರು. ಅವರ ಧ್ವನಿ ಮಾತ್ರ ಹೋಗುತ್ತಲೇ ಇದೆ.

ಇವೆಲ್ಲದರ ಜತೆಗೆ ಐವತ್ತೈದು ಭಾಷೆಗಳಲ್ಲಿ ಕುಶಲೋಪರಿ. ಅವುಗಳಲ್ಲಿ ಕನ್ನಡವೂ ಒಂದು. ಶ್ರೀನಿವಾಸ ಉಪಾಧ್ಯಾಯ ಎಂಬವರು ನಮಸ್ಕಾರ ಹೇಳಿ, ಕನ್ನಡಿಗರೆಲ್ಲರ ಪರವಾಗಿ ಶುಭವನ್ನು ಕೋರಿದ್ದಾರೆ. ಎರಡು ಉಸಿರಿನಷ್ಟು ಮಾತು. ಆಗ ನಾನಿನ್ನೂ ಹುಟ್ಟಿಯೇ ಇರಲಿಲ್ಲ. ಆದರೂ ನನ್ನ ಪರವಾಗಿಯೂ ಒಂದು ನಮಸ್ಕಾರ ಹೋಗಿಯಾಗಿದೆ. ಆ ಪ್ಲೇಟಿನಲ್ಲಿ ಸತ್ತು ಸಾವಿರಾರು ವರ್ಷವಾದ ಸುಮೇರಿಯನ್ ಭಾಷೆ ಇದೆ, ಅಕ್ಕೇಡಿಯನ್ ಇದೆ; ನಮ್ಮ ನೆರೆಯ ತಮಿಳೂ ಮಲಯಾಳವೂ ಇಲ್ಲ. ಇದನ್ನು ಮೊದಲು ತಿಳಿದಾಗ ಕನ್ನಡದ ಎಂ.ಎ. ಆದ ನನಗೆ ಒಳಗೊಳಗೇ ಒಂದು ಸಣ್ಣ ಸಂತೋಷವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಆಮೇಲೆ ನಾಚಿಕೆಯೂ ಆಯಿತು. ಇದರಲ್ಲಿ ಭಾಷೆಯ ಹಿರಿಮೆ ಕಿರಿಮೆಯ ಪ್ರಶ್ನೆಯೇ ಇಲ್ಲ. ನೌಕೆ ಹೊರಡುವ ದಿನ ಹತ್ತಿರ ಬಂದಿತ್ತು. ಕಾರ್ನೆಲ್ ವಿಶ್ವವಿದ್ಯಾನಿಲಯದ ಆಸುಪಾಸಿನಲ್ಲಿ ಯಾವ ಯಾವ ಭಾಷೆಯವರು ಸಿಕ್ಕಿದರೋ ಅವರಿಂದ ಹೇಳಿಸಿದರು, ಅಷ್ಟೆ.

ಹುಡುಗರಿಗೆ ಉತ್ಸಾಹ ಬಂದಿತು. "ನಾವೂ ಒಂದು ಪ್ಲೇಟು ಮಾಡೋಣ. ನಮ್ಮ ಜಿಲ್ಲೆಯಿಂದ ಏನೇನು ಕಳುಹಿಸಬಹುದು? ಪಟ್ಟಿ ಮಾಡಿ" ಎಂದೆ. ಸಿದ್ಧಗಂಗೆಯ ಮಠದ ಪಂಕ್ತಿಭೋಜನ, ದೇವರಾಯನದುರ್ಗದ ಬೆಟ್ಟ, ತಿಪಟೂರಿನ ಕೊಬ್ಬರಿ, ಗುಬ್ಬಿ ವೀರಣ್ಣನವರ ನಾಟಕ, ಕುಣಿಗಲ್ ಕೆರೆ ಮತ್ತು ಅದರ ಮೇಲಿನ ಜನಪದ ಹಾಡು ಎಂದು ಕರಿಹಲಗೆ ತುಂಬಿತು. ಪಾವಗಡದ ಕಡೆಯ ಹುಡುಗನೊಬ್ಬ, "ನಮ್ಮೂರಿನದನ್ನು ಕಳಿಸುವುದೇ ಬೇಡ ಸಾರ್, ಅವರಿಗೇ ಕಾಣುತ್ತದೆ" ಎಂದ. ಅವನು ಹೇಳಿದುದು ತಿರುಮಣಿಯಲ್ಲಿ ಹದಿಮೂರು ಸಾವಿರ ಎಕರೆಯ ಮೇಲೆ ಹಾಸಿರುವ ಬಿಸಿಲಿನ ವಿದ್ಯುತ್ತಿನ ಹಲಗೆಗಳನ್ನು. ಮಾತು ಸರಿ, ಉಪಗ್ರಹಗಳು ತೆಗೆದ ಚಿತ್ರಗಳಲ್ಲಿ ಅದು ಕಾಣುತ್ತದೆ.

ಆಗ ಕೊನೆಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ವರ್ಷವೆಲ್ಲ ಒಂದು ಮಾತಾಡಿದವಳಲ್ಲ. "ಸಾರ್, ಏನು ಕಳಿಸಬಾರದು ಅನ್ನೋದನ್ನೂ ಪಟ್ಟಿ ಮಾಡಬೇಕಾ?"

ತರಗತಿ ನಕ್ಕಿತು. ನಾನೂ ನಕ್ಕೆ. ಆದರೆ ಪ್ರಶ್ನೆ ನಗುವಂಥದಾಗಿರಲಿಲ್ಲ. ಸೇಗನ್ನರ ಮಂಡಳಿಯವರು ಅಂಥ ಪಟ್ಟಿಯನ್ನೂ ಮನಸ್ಸಿನಲ್ಲಿ ಮಾಡಿಕೊಂಡಿದ್ದರು. ಯುದ್ಧ, ರೋಗ, ಬಡತನ, ಅಪರಾಧ ಇವು ಯಾವುವೂ ಚಿತ್ರಗಳಲ್ಲಿ ಬರಕೂಡದೆಂದು ಅವರು ಒಮ್ಮತಕ್ಕೆ ಬಂದರು. ಮಗುವಿಗೆ ಹಾಲೂಡುವ ತಾಯಿ ಇದ್ದಾಳೆ, ತಾಜಮಹಲಿದೆ, ನಮ್ಮ ದೇಶದ ಒಂದು ಬೀದಿಯ ವಾಹನಸಂದಣಿಯೂ ಇದೆ. ಹಸಿದವನಿಲ್ಲ, ಸೈನಿಕನಿಲ್ಲ, ಆಸ್ಪತ್ರೆಯ ಹಾಸಿಗೆಯಲ್ಲಿ ನರಳುವವನಿಲ್ಲ. ಬತ್ತಲೆ ದೇಹವೂ ಇಲ್ಲ. 1972 ಮತ್ತು 1973ರಲ್ಲಿ ಹೊರಟ ಪಯೋನಿಯರ್ ನೌಕೆಗಳ ಫಲಕದಲ್ಲಿ ಗಂಡು ಹೆಣ್ಣುಗಳ ಬತ್ತಲೆ ರೇಖಾಚಿತ್ರವಿತ್ತೆಂದು ಭೂಮಿಯ ಮೇಲೆಯೇ ಕೆಲವರು ಮುಖ ಸಿಂಡರಿಸಿದ್ದರು. ಈ ಸಲ ಅಂಥ ಛಾಯಾಚಿತ್ರ ಬೇಡವೆಂದು ನಾಸಾದವರು ತಡೆದುದರಿಂದ, ಬರಿಯ ನೆರಳಿನಂಥ ಆಕೃತಿಗಳು ಹೋದವು. ನೆಂಟರು ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ ಗೊತ್ತಿಲ್ಲ. ಅವರಿಗೆ ಕಣ್ಣುಂಟೋ ಇಲ್ಲವೋ ಅದೂ ಗೊತ್ತಿಲ್ಲ. ಆದರೂ ಮನೆಯನ್ನು ಒಪ್ಪ ಮಾಡಿ ಇಟ್ಟಿದ್ದಾಯಿತು.

ಇಷ್ಟನ್ನು ಹೇಳಿ ಮುಗಿಸುವಾಗ ಗಂಟೆ ಹೊಡೆಯಿತು, ಒಳ್ಳೆಯದೇ ಆಯಿತು. ಮುಂದಿನ ಮಾತು ನನ್ನ ಗಂಟಲಿನಲ್ಲಿ ನಿಂತಿತ್ತು. ಅದನ್ನು ತರಗತಿಯಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ. ಇಲ್ಲಿ ಹೇಳುತ್ತೇನೆ.

ನಮ್ಮ ಮನೆ ಗುಬ್ಬಿಯಲ್ಲಿ. ನಾಟಕದ ಕಂಪನಿಯಿಂದ ಹೆಸರಾದ ಊರು. 1884ರಲ್ಲಿ ಹುಟ್ಟಿದ ಆ ಕಂಪನಿಯನ್ನು ವೀರಣ್ಣನವರು ನಾಡಿನ ಮೂಲೆಮೂಲೆಗೂ ಕೊಂಡೊಯ್ದರು. ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನು ನಡೆಸಿದರು. ಅವರು ತೀರಿಕೊಂಡುದು 1972ರಲ್ಲಿ. ನಾನು ಅವರ ನಾಟಕವನ್ನು ಕಂಡವನಲ್ಲ. ಆದರೆ ನಮ್ಮ ನಡುಮನೆಯಲ್ಲಿ ಮುತ್ತಾತನ ಕಾಲದ್ದೊಂದು ಗ್ರಾಮಫೋನ್ ಇದ್ದಿತು, ಮರದ ಪೆಟ್ಟಿಗೆಯ ತುಂಬ ನಾಟಕದ ಹಾಡುಗಳ ಪ್ಲೇಟುಗಳಿದ್ದವು. ಅದಕ್ಕೆ ಕೀಲಿ ಕೊಡುವ ಅಧಿಕಾರ ಮನೆಯಲ್ಲಿ ಒಬ್ಬರಿಗೇ ಇದ್ದುದು: ನನ್ನ ಸೋದರತ್ತೆಗೆ. ಮುಳ್ಳು ಸವೆದುಹೋಗುತ್ತದೆಂದು ವಾರಕ್ಕೆ ಎರಡು ಹಾಡಿಗಿಂತ ಹೆಚ್ಚು ಹಾಕುತ್ತಿರಲಿಲ್ಲ. ವಾಯೇಜರಿನ ಪ್ಲೇಟಿನ ಜತೆಗೆ ಮುಳ್ಳನ್ನೂ ಇಟ್ಟು, ಅದನ್ನು ಯಾವ ವೇಗದಲ್ಲಿ ತಿರುಗಿಸಬೇಕೆಂದು ಮೇಲಿನ ಮುಚ್ಚಳದಲ್ಲಿ ಚಿತ್ರ ಬರೆದಿದ್ದಾರೆಂದು ಮೊದಲ ಸಲ ಓದಿದಾಗ, ಅತ್ತೆ ಇದ್ದಿದ್ದರೆ ಈ ಮುಂಜಾಗರೂಕತೆಯನ್ನು ಮೆಚ್ಚುತ್ತಿದ್ದಳಲ್ಲಾ ಎನಿಸಿತು.

ಅತ್ತೆ ನಮ್ಮ ತಂದೆಗೆ ಅಕ್ಕ. ಹತ್ತೊಂಬತ್ತನೆಯ ವಯಸ್ಸಿಗೆ ಮದುವೆಯಾಗಿ ಹೋಗಿದ್ದಳು. ಮರುವರ್ಷ ಕೈಬೆರಳಿನ ಗೆಣ್ಣಿನ ಮೇಲೆ ಒಂದು ಬಿಳಿಯ ಚುಕ್ಕೆ ಕಾಣಿಸಿಕೊಂಡಿತು. ಆಮೇಲೆ ತುಟಿಯ ಅಂಚಿನಲ್ಲಿ, ಆಮೇಲೆ ಕುತ್ತಿಗೆಯಲ್ಲಿ. ತೊನ್ನು. ಚರ್ಮಕ್ಕೆ ಬಣ್ಣ ಕೊಡುವ ಕಣಗಳು ಅಲ್ಲಲ್ಲಿ ನಾಶವಾಗುವುದರಿಂದ ಆಗುವ ಮಚ್ಚೆ ಅದು; ನೋವಿಲ್ಲ, ಮುಟ್ಟಿದರೆ ಅಂಟುವುದಿಲ್ಲ, ಪ್ರಾಣಕ್ಕೆ ಅಪಾಯವಿಲ್ಲ. ಇದನ್ನು ಯಾವ ವೈದ್ಯರಾದರೂ ಹೇಳುತ್ತಾರೆ. ಹೇಳಿದುದನ್ನು ಕೇಳಿ ತಲೆದೂಗಿ, ಮನೆಗೆ ಬಂದು ಆ ಹೆಣ್ಣುಮಗಳ ಲೋಟವನ್ನು ಬೇರೆ ಇಡುವವರು ನಾವು. ಅತ್ತೆಯ ಗಂಡನ ಮನೆಯವರು ಎರಡು ವರ್ಷ ತುಂಬುವ ಮೊದಲೇ ಒಂದು ಟ್ರಂಕಿನ ಸಮೇತ ಅವಳನ್ನು ಗುಬ್ಬಿಗೆ ತಂದುಬಿಟ್ಟು ಹೋದರು. ಅಲ್ಲಿಂದ ಮುಂದೆ ನಮ್ಮ ಮನೆಯ ಒಲೆ, ಬಾವಿ, ಕೊಟ್ಟಿಗೆ, ಗ್ರಾಮಫೋನ್ ಎಲ್ಲವೂ ಅವಳವು. ನನಗೂ ಅಕ್ಕನಿಗೂ ಅಕ್ಷರ ಕಲಿಸಿದವಳು ಅವಳು. ನಾನು ಕನ್ನಡ ಓದಿದುದಕ್ಕೆ ಕಾರಣ ಯಾವ ಪ್ರೊಫೆಸರರೂ ಅಲ್ಲ. ಅವಳು ಹೇಳುತ್ತಿದ್ದ ಹಾಡು ಮತ್ತು ಕತೆ.

2010ರಲ್ಲಿ, ನಾನು ಎರಡನೆಯ ಪಿ.ಯು.ಸಿ.ಯಲ್ಲಿದ್ದಾಗ, ಅಕ್ಕನನ್ನು ನೋಡಲು ಬೆಂಗಳೂರಿನಿಂದ ಗಂಡಿನ ಕಡೆಯವರು ಬರುವುದೆಂದು ನಿಶ್ಚಯವಾಯಿತು. ಹೆಣ್ಣು ನೋಡುವ ಶಾಸ್ತ್ರಕ್ಕೆ ಮುಂಚೆ ಮನೆ ಹೇಗೆ ಬದಲಾಗುತ್ತದೆಂಬುದನ್ನು ಓದುಗರು ಬಲ್ಲರು. ಗೋಡೆಗೆ ಸುಣ್ಣವಾಯಿತು. ನಡುಮನೆಯಲ್ಲಿ ರಾಶಿ ಬಿದ್ದಿದ್ದ ತೆಂಗಿನಕಾಯಿ ಅಟ್ಟ ಸೇರಿತು. ಕಾಲು ಮುರಿದ ಕುರ್ಚಿ ಕೊಟ್ಟಿಗೆಗೆ ಹೋಯಿತು. ಪಕ್ಕದ ಮನೆಯಿಂದ ಪಿಂಗಾಣಿ ಬಟ್ಟಲುಗಳು ಬಂದವು. ಹಿಂದಿನ ರಾತ್ರಿ ನಮ್ಮ ತಂದೆ ನನ್ನನ್ನು ಹಿತ್ತಲಿಗೆ ಕರೆದು, ನನ್ನ ಮುಖವನ್ನು ನೋಡದೆ ಹೇಳಿದರು: "ನಾಳೆ ಬೆಳಗ್ಗೆ ಅತ್ತೇನ ಕುಣಿಗಲ್ಲಿಗೆ ಕರ್ಕೊಂಡು ಹೋಗು. ಅಲ್ಲಿ ಚಿಕ್ಕಮ್ಮನ ಮನೇಲಿ ಸತ್ಯನಾರಾಯಣ ಪೂಜೆ ಇದೆ ಅಂತ ಹೇಳು. ಸಾಯಂಕಾಲ ಆದ ಮೇಲೆ ಬಂದರೆ ಸಾಕು."

ಪೂಜೆ ಇರಲಿಲ್ಲ. ಅದು ನನಗೆ ಗೊತ್ತಿತ್ತು. ನಾನು ಹೋಗಿ ಅತ್ತೆಗೆ ಹೇಳಿದೆ. ಬಹಳ ಸಹಜವಾದ ಧ್ವನಿಯಲ್ಲಿ ಹೇಳಿದೆ; ನಾಟಕದ ಊರಿನ ಹುಡುಗನಲ್ಲವೆ! ಅವಳು ಕೋಡುಬಳೆ ಹೊಸೆಯುತ್ತಿದ್ದಳು. "ಆಗಲಿ ಕಣೋ" ಎಂದಳು.

ಬೆಳಗ್ಗೆ ನಾಲ್ಕಕ್ಕೆದ್ದು ಕೇಸರಿಭಾತು ಉಪ್ಪಿಟ್ಟುಗಳ ಸಿದ್ಧತೆಯನ್ನೆಲ್ಲ ಮಾಡಿಟ್ಟು, ಅಕ್ಕನ ತಲೆ ಬಾಚಿ ಹೂ ಮುಡಿಸಿ, ಅವಳು ಹಿತ್ತಲ ಬಾಗಿಲಿನಿಂದ ನನ್ನೊಡನೆ ಹೊರಟಳು. ಹಿತ್ತಲ ಬಾಗಿಲಿನಿಂದ ಹೋಗೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆ ದಿನ ನೆಂಟರು ಕೋಡುಬಳೆಯನ್ನು ಬಾಯಿತುಂಬ ಹೊಗಳಿದರಂತೆ. ವಾಡಿಕೆಯಂತೆ ನಮ್ಮ ತಾಯಿ, "ಎಲ್ಲ ಹುಡುಗಿಯೇ ಮಾಡಿದ್ದು" ಎಂದರಂತೆ.

ಆ ಚಿನ್ನದ ಪ್ಲೇಟಿನ ವಿಚಾರ ಓದಿದಾಗಲೆಲ್ಲ ನನಗೆ ಈ ಕೋಡುಬಳೆ ನೆನಪಾಗುತ್ತದೆ. ಮಂಡಳಿಯವರನ್ನು ನಾನು ದೂರುತ್ತಿಲ್ಲ. ಸಿಟ್ಟಿನ ಮುಖವನ್ನು ಮೊದಲು ತೋರಿಸಿದರೆ ಅಪರಿಚಿತರು ಅದನ್ನು ಬೆದರಿಕೆಯೆಂದು ತಿಳಿದಾರೆಂಬ ಭಯ ಅವರಿಗಿತ್ತು. ಅದು ನ್ಯಾಯವಾದ ಭಯವೇ. ನಮ್ಮ ತಂದೆಯ ಭಯವೂ ಒಂದು ರೀತಿಯಲ್ಲಿ ನ್ಯಾಯವಾದದ್ದೇ. ತೊನ್ನಿನ ಮನೆಯ ಹೆಣ್ಣೆಂದು ಎರಡು ಸಂಬಂಧಗಳು ಆಗಲೇ ಬಾಗಿಲಿನಿಂದ ಹಿಂದಿರುಗಿದ್ದವು. ಪ್ರಶ್ನೆ ಅದಲ್ಲ. ನೋಡಲು ಬಂದವರಿಗೆ ಕಣ್ಣಿರುವುದಿಲ್ಲವೆ ಎಂಬುದು ಪ್ರಶ್ನೆ.

ಆ ಪ್ಲೇಟನ್ನು ಹೊತ್ತ ನೌಕೆಯನ್ನೇ ನೋಡಿ. ಅದನ್ನು ಮೇಲಕ್ಕೆ ಎತ್ತಿದ ರಾಕೆಟ್ಟು ಟೈಟನ್ ವಂಶದ್ದು. ಆ ವಂಶದ ಮೂಲಪುರುಷ ಒಂದು ಖಂಡದಿಂದ ಇನ್ನೊಂದು ಖಂಡಕ್ಕೆ ಅಣುಬಾಂಬನ್ನು ಹೊತ್ತೊಯ್ಯಲು ಹುಟ್ಟಿದ ಕ್ಷಿಪಣಿ. ನೌಕೆಗೆ ವಿದ್ಯುತ್ತನ್ನು ಒದಗಿಸುತ್ತಿರುವುದು ಪ್ಲುಟೋನಿಯಂ. ಯುದ್ಧದ ಚಿತ್ರವನ್ನು ಇಡಲಿಲ್ಲವೆಂದ ಮಾತ್ರಕ್ಕೆ, ಈ ಬುಟ್ಟಿಯನ್ನು ಹೆಣೆದ ಕೈ ಬೇರೆ ಏನೇನು ಹೆಣೆದಿರಬಹುದೆಂದು ಊಹಿಸಲಾರದಷ್ಟು ಮಂಕಾಗಿರುವವರು ನಕ್ಷತ್ರಗಳ ನಡುವೆ ಸಂಚರಿಸುತ್ತಾರೆಯೆ? ಇನ್ನು ನಾವು ಕಳುಹಿಸದೆಯೇ ನಮ್ಮಿಂದ ಹೊರಕ್ಕೆ ಸೋರುವ ಸುದ್ದಿ ಬೇರೆ ಇದೆ. ರೇಡಿಯೋ, ಟೆಲಿವಿಷನ್ನುಗಳ ಅಲೆಗಳು ಗೋಡೆಯಾಚೆಗೆ ಕೇಳುವ ಮನೆಜಗಳದಂತೆ ಆಕಾಶಕ್ಕೆ ಹೋಗುತ್ತಲೇ ಇರುತ್ತವೆ. ಅವುಗಳಲ್ಲಿ ಅತಿ ಜೋರಾದವುಗಳ ಸಾಲಿಗೆ ಸೇರಿದವು, ಶತ್ರುವಿನ ಕ್ಷಿಪಣಿ ಬರುತ್ತಿದೆಯೋ ಎಂದು ಹಗಲಿರುಳು ದಿಗಂತವನ್ನು ತಡವುತ್ತಿರುವ ಸೈನ್ಯದ ರೇಡಾರುಗಳು. ನಡುಮನೆಯಲ್ಲಿ ಭೈರವಿ ಹಾಡಿಸಿ, ಹಿತ್ತಲಲ್ಲಿ ದೊಣ್ಣೆ ಹಿಡಿದು ನಿಂತಂತೆ ಇದು.

ಹೊರಗಿನವರ ಕಣ್ಣಿಗೆ ಭೂಮಿ ಹೇಗೆ ಕಾಣಬಹುದೆಂಬುದನ್ನು ವಿಜ್ಞಾನಿಗಳು ಬರಿಯ ಊಹೆಗೆ ಬಿಟ್ಟಿಲ್ಲ. 1990ರ ಡಿಸೆಂಬರಿನಲ್ಲಿ ಗೆಲಿಲಿಯೋ ಎಂಬ ನೌಕೆ ಗುರುಗ್ರಹಕ್ಕೆ ಹೋಗುವ ದಾರಿಯಲ್ಲಿ ಭೂಮಿಯ ಪಕ್ಕದಲ್ಲಿಯೇ ಹಾದುಹೋಯಿತು. ಅದೇ ಸೇಗನ್ನರು, ಭೂಮಿಯ ವಿಷಯ ತಮಗೇನೂ ಗೊತ್ತಿಲ್ಲವೆಂದು ಇಟ್ಟುಕೊಂಡು, ನೌಕೆಯ ಉಪಕರಣಗಳು ಹೇಳಿದಷ್ಟನ್ನೇ ನಂಬುವುದೆಂದು ನಿಶ್ಚಯಿಸಿದರು. ಏನು ತಿಳಿಯಿತು? ಗಾಳಿಯಲ್ಲಿ ಆಮ್ಲಜನಕ ಹೇರಳ. ಅದರ ಜತೆಯಲ್ಲಿ ಉಳಿಯಬಾರದಷ್ಟು ಮೀಥೇನ್. ಬೆಳಕಿನ ಕೆಂಪನ್ನು ಹೀರುವ ಯಾವುದೋ ಹಸುರು ವಸ್ತು. ಯಾರೋ ಬೇಕೆಂದೇ ಹೊರಡಿಸುತ್ತಿರುವ ರೇಡಿಯೋ ಅಲೆ. ಜೀವ ಉಂಟು, ಬುದ್ಧಿಯೂ ಇದ್ದೀತು ಎಂಬಷ್ಟಕ್ಕೆ ಸಾಕ್ಷ್ಯ ದೊರೆಯಿತು. ತಾಜಮಹಲಿನ ಸುದ್ದಿಯೇ ಇಲ್ಲ.

ನಮ್ಮವರೂ ಇದನ್ನು ಮಾಡಿದ್ದಾರೆ. 2023ರ ಜುಲೈ 14ರಂದು ಹೊರಟ ಚಂದ್ರಯಾನ-3ರ ಲ್ಯಾಂಡರು ಚಂದ್ರನ ಮೇಲೆ ಇಳಿದುದನ್ನು ಎಲ್ಲರೂ ನೋಡಿದರು. ಅದನ್ನು ಚಂದ್ರನವರೆಗೆ ಹೊತ್ತೊಯ್ದ ಭಾಗ ಮೇಲೆಯೇ ಉಳಿದು ಸುತ್ತುತ್ತಿದ್ದುದನ್ನು ಅಷ್ಟಾಗಿ ಯಾರೂ ಗಮನಿಸಲಿಲ್ಲ. ಅದರಲ್ಲಿ ಶೇಪ್ ಎಂಬ ಒಂದು ಚಿಕ್ಕ ಉಪಕರಣವಿತ್ತು. ಚಂದ್ರನ ಕಡೆಯಿಂದ ತಿರುಗಿ, ಭೂಮಿಯನ್ನು ಎಲ್ಲಿಯೋ ದೂರದ ಒಂದು ಅಪರಿಚಿತ ಗ್ರಹವೆಂಬಂತೆ ನೋಡುವುದು ಅದರ ಕೆಲಸ; ಜೀವವಿರುವ ಗ್ರಹದ ಬೆಳಕು ಹೇಗಿರುತ್ತದೆಂದು ನಮ್ಮದನ್ನು ನೋಡಿ ತಿಳಿದುಕೊಂಡರೆ ಬೇರೆಯವರದನ್ನು ಹುಡುಕಲು ಅನುಕೂಲ. ನೌಕೆಯ ಜತೆಗೆ ಮಾತುಕತೆ ನಡೆಯುತ್ತಿದ್ದುದು ನಮ್ಮ ಕುಣಿಗಲ್ಲಿನಿಂದ ಬಹಳ ದೂರವಲ್ಲದ ಬ್ಯಾಲಾಳಿನ ದೊಡ್ಡ ಬಟ್ಟಲುಗಳ ಮೂಲಕ. ಅಂಥ ಕಣ್ಣಿಗೆ ಗುಬ್ಬಿ, ಕುಣಿಗಲ್, ತುಮಕೂರು ಎಲ್ಲ ಸೇರಿ ಬೆಳಕಿನ ಒಂದು ಕಣ. ಆ ಕಣದೊಳಗೆ ಯಾರಿಗೆ ತೊನ್ನು, ಯಾರಿಗೆ ಮದುವೆ!

ಹತ್ತಿರದಿಂದ ನೋಡಿದ ಪರಕೀಯನೊಬ್ಬನೂ ನಮ್ಮ ಊರಿಗೆ ಬಂದಿದ್ದ. ಟಿಪ್ಪು ಸುಲ್ತಾನನು 1799ರಲ್ಲಿ ಮಡಿದ ಮೇಲೆ, ಮೈಸೂರು ಸೀಮೆಯಲ್ಲಿ ಏನೇನಿದೆ ನೋಡಿ ಬಾ ಎಂದು ಕಂಪನಿ ಸರಕಾರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು 1800ರಲ್ಲಿ ಕಳುಹಿಸಿತು. ಅವನು ಈ ಸೀಮೆಯನ್ನೆಲ್ಲ ಸುತ್ತಿ, ಗುಬ್ಬಿಯ ವ್ಯಾಪಾರ, ಮಣ್ಣು, ಬೆಳೆ, ದನ, ಜಾತಿ, ಕಂದಾಯ ಎಲ್ಲವನ್ನೂ ಬರೆದುಕೊಂಡ. 1807ರಲ್ಲಿ ಮೂರು ಸಂಪುಟಗಳಾಗಿ ಅದು ಅಚ್ಚಾಯಿತು. ಬೇರೆ ಲೋಕದವರು ಎಂದಾದರೂ ಬಂದರೆ ಅವರೂ ಅಂಥ ಗ್ರಂಥವೊಂದನ್ನೇ ಬರೆಯುತ್ತಾರೆಂದು ನನಗನ್ನಿಸುತ್ತದೆ. ಅಳತೆಯೆಲ್ಲ ಅದರಲ್ಲಿರುತ್ತದೆ. ಒಬ್ಬ ಹೆಂಗಸು ಬೆಳಗಿನ ಜಾವ ಹಿತ್ತಲ ಬಾಗಿಲಿನಿಂದ ಏಕೆ ಹೊರಟಳೆಂಬುದು ಮಾತ್ರ ಅದರಲ್ಲಿ ಸಿಕ್ಕುವುದು ಕಷ್ಟ.

ಇರಲಿ. ನಮ್ಮ ನೆಂಟರ ವಿಷಯ ಹಾಗಾಗಲಿಲ್ಲ. ಅವರು ಬುಕಾನನ್ನನಿಗಿಂತ ಜಾಣರು. ಸಂಬಂಧ ಕುದುರಿತು. ನಿಶ್ಚಿತಾರ್ಥದ ದಿನ, ಎಲ್ಲರೂ ಕುಳಿತಿರುವಾಗ ಭಾವನ ತಂದೆ ನಮ್ಮ ತಂದೆಯನ್ನು ಕೇಳಿದರು: "ನಿಮ್ಮ ಅಕ್ಕನವರು ಎಲ್ಲಿ? ಅವತ್ತೂ ಕಾಣಲಿಲ್ಲ. ಅವರಿಗೆ ಈ ಸಂಬಂಧ ಇಷ್ಟ ಇಲ್ಲವೇನೋ ಅಂತ ನಾವು ಯೋಚನೆ ಮಾಡಿದೆವು."

ಅವರು ಗುಬ್ಬಿಗೆ ಬರುವ ಹದಿನೈದು ದಿನ ಮುಂಚೆಯೇ ನಮ್ಮ ಬೀದಿಯ ಅಂಗಡಿಯಲ್ಲಿ ವಿಚಾರಿಸಿ ಹೋಗಿದ್ದರು. ಎಲ್ಲರೂ ವಿಚಾರಿಸುತ್ತಾರೆ, ನಾವೂ ಅವರನ್ನು ಬೆಂಗಳೂರಿನಲ್ಲಿ ವಿಚಾರಿಸಿದ್ದೆವು. ತೊನ್ನಿನ ಸುದ್ದಿ ಅವರಿಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದೇ ಬಂದಿದ್ದರು. ಆ ದಿನ ಅವರಿಗೆ ಕಣ್ಣಿಗೆ ಹೊಡೆದು ಕಂಡುದು ಒಂದೇ: ಇರಬೇಕಾದವರೊಬ್ಬರು ಇಲ್ಲ. ನಮ್ಮ ತಂದೆ ಏನೋ ಹೇಳಲು ಹೋಗಿ ಹೇಳಲಾರದೆ, ಅಡುಗೆಯ ಮನೆಯ ಕಡೆ ನೋಡಿದರು. ಅತ್ತೆ ಅಲ್ಲಿಯೇ ಇದ್ದಳು. ನಮ್ಮ ತಾಯಿ ಹೋಗಿ ಕರೆದರು. ಸೆರಗಿಗೆ ಕೈ ಒರೆಸಿಕೊಂಡು ಬಾಗಿಲವರೆಗೆ ಬಂದು, ಎಲ್ಲರಿಗೂ ಒಂದು ನಮಸ್ಕಾರ ಮಾಡಿ, ಒಲೆಯ ಮೇಲೆ ಪಾಯಸವಿದೆಯೆಂದು ಮತ್ತೆ ಒಳಗೆ ಹೋದಳು. ಮದುವೆಯ ಆಲ್ಬಮ್ಮಿನಲ್ಲಿ ಅವಳ ಫೋಟೋ ಒಂದೂ ಇಲ್ಲ. ಈ ಸಲ ಯಾರೂ ಬಚ್ಚಿಟ್ಟದ್ದಲ್ಲ. ಫೋಟೋದವನು ಕರೆದಾಗಲೆಲ್ಲ ಅವಳಿಗೆ ಉಗ್ರಾಣದಲ್ಲಿ ಏನಾದರೊಂದು ಕೆಲಸ ಬರುತ್ತಿತ್ತು. ಅಷ್ಟು ವರ್ಷಗಳ ಅಭ್ಯಾಸ.

ಕುಣಿಗಲ್ಲಿಗೆ ಹೋದ ಆ ದಿನದ ಮಾತು ಉಳಿಯಿತು.

ಗುಬ್ಬಿಯಿಂದ ತುಮಕೂರಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ, ಗೂಳೂರು ಹೆಬ್ಬೂರುಗಳ ಮೇಲೆ ನಾವಿಬ್ಬರೂ ಹೋದೆವು. ದಾರಿಯುದ್ದಕ್ಕೂ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಕುಣಿಗಲ್ಲಿನಲ್ಲಿ ಇಳಿದಾಗ ನಾನು ಚಿಕ್ಕಮ್ಮನ ಮನೆಯ ಕಡೆ ತಿರುಗಿದೆ. "ಅಲ್ಲಿಗೆ ಬೇಡ ಕಣೋ, ಕೆರೆ ನೋಡೋಣ ನಡಿ" ಎಂದಳು. "ಪೂಜೆ...?" ಎಂದೆ. "ಪೂಜೆ ಇದ್ದರೆ ಅವಳು ಒಂದು ವಾರದಿಂದ ನನಗೆ ಫೋನು ಮಾಡಿ ಸಜ್ಜಿಗೆ ಅಳತೆ ಕೇಳ್ತಿರಲಿಲ್ವಾ?" ಎಂದು ನಕ್ಕಳು. ನನ್ನ ಕಿವಿ ಬಿಸಿಯಾಯಿತು. ಅವಳು ಅದನ್ನು ನೋಡಿದರೂ ನೋಡದವಳಂತೆ ಮುಂದೆ ನಡೆದಳು.

ಕುಣಿಗಲ್ಲಿನ ದೊಡ್ಡಕೆರೆಯನ್ನು ಹಾಡಿನಲ್ಲಿ ಕೇಳಿದವರು ಲಕ್ಷಾಂತರ ಜನ. ಏರಿಯ ಮೇಲೆ ಕುಳಿತು ನೋಡಿದವರು ಅಷ್ಟಿಲ್ಲ. ಆ ವರ್ಷ ನೀರು ತುಸು ಕೆಳಗಿತ್ತು. ಅಂಚಿನ ಕೆಸರಿನಲ್ಲಿ ಬೆಳ್ಳಕ್ಕಿಗಳು ನಿಂತಿದ್ದವು. ನಾವು ಒಂದು ಮರದ ನೆರಳಿನಲ್ಲಿ ಕುಳಿತೆವು. ಅತ್ತೆ ಸೆರಗಿನ ಗಂಟಿನಿಂದ ನಾಲ್ಕು ಕೋಡುಬಳೆ ತೆಗೆದು ಎರಡನ್ನು ನನಗೆ ಕೊಟ್ಟಳು. ಆ ಕೆರೆಯ ಹಾಡನ್ನು ಪೂರ್ತಿ ಹಾಡಿದಳು, ಮೆಲ್ಲಗೆ, ನನಗೆ ಕೇಳುವಷ್ಟು ಮಾತ್ರ. ಅವಳ ಧ್ವನಿಯನ್ನು ನಾವು ಯಾರೂ ಎಂದೂ ಮುದ್ರಿಸಿಕೊಳ್ಳಲಿಲ್ಲ. ಆಗಲೇ ನನ್ನ ಜೇಬಿನಲ್ಲಿ ಧ್ವನಿ ಹಿಡಿಯುವ ಮೊಬೈಲು ಇದ್ದಿತು. ಅವಳು ತೀರಿಕೊಂಡು ಈಗ ಆರು ವರ್ಷವಾಯಿತು.

ಹಾಡು ಮುಗಿದ ಮೇಲೆ ನಾನು ಧೈರ್ಯ ಮಾಡಿ, "ಅತ್ತೆ, ನಾನು ಸುಳ್ಳು ಹೇಳಿದೆ. ಸಿಟ್ಟು ಬಂತಾ?" ಎಂದು ಕೇಳಿದೆ.

ಅವಳು ಸ್ವಲ್ಪ ಹೊತ್ತು ನೀರನ್ನು ನೋಡುತ್ತಿದ್ದಳು. ಆಮೇಲೆ ಹೇಳಿದಳು: "ಅವರ ಮನೆಯಿಂದ ಇವತ್ತು ಯಾರನ್ನ ಎಲ್ಲಿಗೆ ಕಳಿಸಿದಾರೋ, ಪಾಪ. ಅವರಿಗೆ ಕೂತ್ಕೊಳ್ಳೋಕೆ ಇಂಥ ಕೆರೆ ಸಿಕ್ತೋ ಇಲ್ವೋ."

ಈಗಲೂ ಒಂದೊಂದು ರಾತ್ರಿ, ತುಮಕೂರಿನಲ್ಲಿ ಕರೆಂಟು ಹೋಗಿ ಮೇಲೆ ನಾಲ್ಕು ನಕ್ಷತ್ರ ಕಾಣಿಸಿದಾಗ, ನಮ್ಮ ಪ್ಲೇಟು ಸೇರಬಹುದಾದ ಆ ಮನೆಯವರನ್ನು ಕುರಿತು ಯೋಚಿಸುತ್ತೇನೆ. ಇನ್ನು ನಲವತ್ತು ಸಾವಿರ ವರ್ಷಗಳಿಗೆ ವಾಯೇಜರ್-1 ಬೇರೊಂದು ನಕ್ಷತ್ರದ ಸಮೀಪಕ್ಕೆ ಬರುತ್ತದಂತೆ. ಸಮೀಪವೆಂದರೂ ಒಂದೂವರೆ ಜ್ಯೋತಿರ್ವರ್ಷಕ್ಕಿಂತ ಹೆಚ್ಚಿನ ದೂರ. ಅಲ್ಲಿ ಯಾರಾದರೂ ಇದ್ದು, ಮುಳ್ಳನ್ನು ಸರಿಯಾಗಿ ಇಟ್ಟು, ನಮ್ಮ ನಮಸ್ಕಾರವನ್ನು ಕೇಳಿದರೆಂದೇ ಇಟ್ಟುಕೊಳ್ಳೋಣ. ಉತ್ತರ ಬರೆಯಲು ಕುಳಿತಾಗ ಅವರೂ ಒಂದು ಪಟ್ಟಿ ಮಾಡುತ್ತಾರಲ್ಲ, ಆ ಪಟ್ಟಿಯಿಂದ ಯಾರ ಹೆಸರು ಬಿಟ್ಟುಹೋಗುತ್ತದೋ.

ಆ ದಿನ ನಾವು ಗುಬ್ಬಿಗೆ ಮರಳಿದಾಗ ರಾತ್ರಿ ಎಂಟು ಗಂಟೆ. ಮನೆಯಲ್ಲಿ ದೀಪಗಳೆಲ್ಲ ಉರಿಯುತ್ತಿದ್ದವು. ತಂದೆ ಜಗುಲಿಯ ಮೇಲೆ ಕುಳಿತಿದ್ದವರು ಎದ್ದು ನಿಂತರು. ಅತ್ತೆ ಚಪ್ಪಲಿ ಬಿಡುತ್ತ, ಒಳಗೆ ನೋಡಿ ಅಮ್ಮನನ್ನು ಕೇಳಿದಳು: "ಕೋಡುಬಳೆ ಸಾಕಾಯ್ತೇನೆ?"